ಕಂಟೈನರ್ ಮನೆಗೂ ಮೊದಲು ಚಪ್ಪಡಿ ಮನೆ

ಬಿಡದಿ, ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶದ ಸುತ್ತ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ ಉಕ್ಕಿನ ಕಂಟೈನರುಗಳು ಸೈಟ್ ಆಫೀಸುಗಳಾಗಿ, ಕಾವಲುಗಾರರ ಕೋಣೆಗಳಾಗಿ ಕೂತಿವೆ. ತೋಟದ ಮನೆಗೂ ಅವನ್ನೇ ಲಾರಿಯಲ್ಲಿ ತಂದು ಇಳಿಸಿಕೊಳ್ಳುವವರಿದ್ದಾರೆ. ಬೇರೆಡೆ ಸಿದ್ಧವಾದ ಭಾಗಗಳನ್ನು ತಂದು ಕೆಲವೇ ದಿನಗಳಲ್ಲಿ ಮನೆ ನಿಲ್ಲಿಸುವುದು ಹೊಸ ಕಾಲದ ಕೊಡುಗೆ ಎಂಬ ಮಾತು ಇದರ ಜೊತೆಗೇ ಬರುತ್ತದೆ. ಕಂಟೈನರ್ ಹೊಸದು, ನಿಜ. ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು ಅಂಥ 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿದ್ದು 1956ರ ಏಪ್ರಿಲ್ 26ರಂದು. ಆದರೆ ಸಿದ್ಧ ಭಾಗಗಳಿಂದ ಮನೆ ಜೋಡಿಸುವ ಜಾಣ್ಮೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಹೊಸದಲ್ಲ. ಈ ಸೀಮೆಯ ಚಪ್ಪಡಿ ಕಲ್ಲಿನ ಮನೆ ಅದನ್ನು ಎಂದೋ ಸಾಧಿಸಿತ್ತು. ಕಂಟೈನರ್ ಮನೆಯನ್ನು ತೂಗಬೇಕಾದ್ದು ಆ ಮನೆಯ ಎದುರಿಗೆ.

ರಾಮನಗರ, ಮಾಗಡಿ ಕಡೆಯ ಬೆಟ್ಟಗಳು ಬಹುಪಾಲು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನವು. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಕ್ಲೋಸ್‌ಪೇಟೆ ಎಂಬ ಹೆಸರು ಭೂವಿಜ್ಞಾನದಲ್ಲಿ ಈ ಕಲ್ಲಿಗೆ ಇಂದಿಗೂ ಉಳಿದಿದೆ. ಇಂಥ ಬಂಡೆಯಿಂದ ಚಪ್ಪಡಿ ಎಬ್ಬಿಸುವ ಕೆಲಸವನ್ನು 1895ರಲ್ಲಿ ಎಚ್. ವಾರ್ತ್ ಎಂಬ ವಿದ್ವಾಂಸರು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದಾರೆ; ಅವರು ಬರೆದದ್ದು ಬೆಂಗಳೂರಿನ ಕಲ್ಲುಕುಟಿಗರ ಬಗ್ಗೆ. ಬಂಡೆಯ ಮೈಮೇಲೆ ಒಣಸೌದೆಯನ್ನು ಸಾಲಾಗಿ ಜೋಡಿಸಿ ಉರಿ ಹಾಕುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ಅಡಿಯ ಕಲ್ಲಿನಿಂದ ಬಿಡುತ್ತಿತ್ತು. ಉರಿಯ ಮುಂದಿನ ಜಾಗವನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಪದರ ಬಿಟ್ಟಿದ್ದನ್ನು ಗುರುತಿಸಿ, ಕೆಂಡವನ್ನು ಕೆಲವೇ ಅಂಗುಲ ಮುಂದಕ್ಕೆ ಸರಿಸುತ್ತಿದ್ದರು. ಹೀಗೆ 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಹಾಸುಗಳೂ ಏಳುತ್ತಿದ್ದವು. ಆಮೇಲೆ ಉಳಿಯಿಂದ ಸಾಲು ಗುಳಿ ತೋಡಿ, ಬೇಕಾದ ಅಳತೆಗೆ ಸೀಳುವುದು. ಮನೆಯ ಕೆಲಸದ ಕಷ್ಟದ ಪಾಲು ನಿವೇಶನದಲ್ಲಲ್ಲ, ಬಂಡೆಯ ಬಳಿಯೇ ಮುಗಿಯುತ್ತಿತ್ತು.

ನಿವೇಶನದಲ್ಲಿ ಉಳಿಯುತ್ತಿದ್ದುದು ಜೋಡಣೆ. ಕಂಬ ನೆಟ್ಟು, ಕಲ್ಲಿನ ತೊಲೆ ಏರಿಸಿ, ಗೋಡೆಗೆ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಅಡ್ಡಲಾಗಿ ಹಾಸಿ, ಸಂದಿಗೆ ಗಾರೆ ತುಂಬಿ, ಮಾಡಿಗೆ ಮಣ್ಣು ಇಲ್ಲವೇ ಸುಣ್ಣದ ಗಾರೆ ಹೊದಿಸಿದರೆ ಮನೆ. ಕಲ್ಲು ಭಾರ ಹೊರುತ್ತದೆ, ಆದರೆ ಬಾಗಲಾರದು. ಹಾಗಾಗಿ ಕೋಣೆಯ ಅಗಲ ಚಪ್ಪಡಿಯ ಉದ್ದಕ್ಕೆ ಕಟ್ಟುಬಿದ್ದಿತ್ತು. 8 ಅಡಿ ಉದ್ದ, 2 ಅಡಿ ಅಗಲ, 4 ಅಂಗುಲ ದಪ್ಪದ ಒಂದು ಚಪ್ಪಡಿಯೇ ಸುಮಾರು 400 ಕೆಜಿ ತೂಗುತ್ತದೆ. ಆಳುಗಳು ಹಾರೆ, ಹಗ್ಗ, ಗಾಡಿಗಳಿಂದ ಸಾಗಿಸಬಲ್ಲಷ್ಟೇ ಅಳತೆ. ಕಂಟೈನರಿನ 8 ಅಡಿ ಅಗಲವೂ ರಸ್ತೆ, ಹಡಗು, ಕ್ರೇನುಗಳಿಗೆ ಒಗ್ಗಿದ ಅಳತೆಯೇ. ಎರಡರಲ್ಲೂ ಸಾಗಣೆಯೇ ಕೋಣೆಯನ್ನು ನಿರ್ಧರಿಸಿದೆ.

ಒಂದು ಚಪ್ಪಡಿಯಂತೆ ಇನ್ನೊಂದಿಲ್ಲ, ಇದನ್ನು ಮಾಡ್ಯುಲರ್ ಎನ್ನುವುದು ಹೇಗೆ ಎಂದು ಕೇಳಬಹುದು. ಭಾಗಗಳು ಯಂತ್ರದಷ್ಟು ನಿಖರವಾಗಿರಬೇಕಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಕೂತರೆ ಸಾಕು, ಬಿಚ್ಚಿದರೆ ಮತ್ತೆ ಬಳಕೆಗೆ ಬಂದರೆ ಸಾಕು. ಹಳೆಯ ಮನೆ ಕೆಡವಿದಾಗ ಅದರ ಚಪ್ಪಡಿ ದನದ ಕೊಟ್ಟಿಗೆಗೆ, ಚರಂಡಿಯ ಮುಚ್ಚಳಕ್ಕೆ, ಬಟ್ಟೆ ಒಗೆಯುವ ಕಲ್ಲಿಗೆ ಬಂದಿದೆ; ಕಂಬ ಹೊಲದ ಬೇಲಿಗೆ ಹೋಗಿದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರ, ಸಾಲಕ್ಕೆ ಜೀತ ದುಡಿದವರ ಬೆವರು ಈ ಕಸುಬಿನಲ್ಲಿದೆ. ಕಲ್ಲುಗಣಿಗಾರಿಕೆ ಗುಡ್ಡಗಳನ್ನೇ ನುಂಗಿದೆ. ಇದನ್ನು ಮರೆತು ಚಪ್ಪಡಿ ಮನೆಯನ್ನು ಹೊಗಳುವುದು ಅನ್ಯಾಯ. ಮತ್ತೆ ಬಂಡೆ ಒಡೆಯೋಣ ಎಂದು ನಾನು ಹೇಳುತ್ತಿಲ್ಲ.

ಹಾಗಾದರೆ ಹಳೇ ಪೆಟ್ಟಿಗೆಯ ಮರುಬಳಕೆಯೇ ಮೇಲಲ್ಲವೇ? ಲೆಕ್ಕ ಹಾಕಿ ನೋಡಬೇಕು. 20 ಅಡಿಯ ಖಾಲಿ ಕಂಟೈನರ್ ಸುಮಾರು 2,200 ಕೆಜಿ ತೂಗುತ್ತದೆ. ಅದು ಕೊಡುವ ಜಾಗ 160 ಚದರಡಿ. ಅಂದರೆ ಚದರಡಿಗೆ ಹೆಚ್ಚುಕಡಿಮೆ 14 ಕೆಜಿ, ಬಹುಪಾಲು ಉಕ್ಕೇ. ಸಾಮಾನ್ಯ ಆರ್‌ಸಿಸಿ ಮನೆಗೆ ಮೇಸ್ತ್ರಿಗಳು ಹಿಡಿಯುವ ಲೆಕ್ಕ ಚದರಡಿಗೆ 4 ಕೆಜಿ. ಕರಗಿಸಿದ್ದರೆ ಮೂರು ಮನೆಗಾಗುವ ಉಕ್ಕು ಇಲ್ಲಿ ಒಂದರಲ್ಲೇ ಕೂತಿದೆ. ಇನ್ನು ಬಿಸಿಲು. ಈ ಸೀಮೆಯ ರೇಷ್ಮೆ ಬೆಳೆಗಾರರಿಗೆ ಅದರ ಪಾಠ ಹೇಳಬೇಕಿಲ್ಲ: ಹುಳುವಿಗೆ 24ರಿಂದ 28 ಡಿಗ್ರಿ ಶಾಖ ಉಳಿಸಲು ಮಾಡಿಗೆ ತೆಂಗಿನ ಗರಿ ಹೊದಿಸಿ, ಗೋಣಿತಾಟು ತೋಯಿಸಿ ಕಟ್ಟುವವರು ಅವರು. ಚಪ್ಪಡಿಯೂ ಕಾಯುತ್ತದೆ, ಅದಕ್ಕೇ ಮೇಲೆ ಮಣ್ಣಿನ ಹೊದಿಕೆ. ಎರಡು ಮಿಲಿಮೀಟರ್ ಆಸುಪಾಸಿನ ತಗಡು ಇನ್ನೂ ಬೇಗ ಕಾಯುತ್ತದೆ. ಒಳಗೆ ಶಾಖನಿರೋಧಕ ಪದರ ಕೂಡಿಸಿದರೆ 8 ಅಡಿಯ ಕೋಣೆ ಮತ್ತಷ್ಟು ಕಿರಿದಾಗುತ್ತದೆ.

ಕಂಟೈನರ್ ತಾತ್ಕಾಲಿಕ ಕೆಲಸಕ್ಕೆ ಒಳ್ಳೆಯದು. ಬಾಳಿ ಬದುಕುವ ಮನೆಗೆ ಅದು ಈ ನೆಲದ ಉತ್ತರವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಇಟ್ಟಿಗೆಗಳಿಂದ ದಾರಿ ತೋರಿಸಿದೆ. ಕ್ವಾರಿಗಳಲ್ಲಿ ರಾಶಿ ಬಿದ್ದ ಕಲ್ಲುಪುಡಿಯನ್ನೂ ಸಿದ್ಧ ಬ್ಲಾಕುಗಳಿಗೆ, ಹಲಗೆಗಳಿಗೆ ಬಳಸಬಹುದು. ಅದಕ್ಕೂ ಮೊದಲು ಒಂದು ಕೆಲಸ ನಮ್ಮ ಕೈಯಲ್ಲೇ ಇದೆ: ಊರಿನ ಚಪ್ಪಡಿ ಮನೆ ಕೆಡವುವ ಮುನ್ನ ಅದರ ಅಳತೆ, ಜೋಡಣೆಯನ್ನು ಬರೆದಿಡಿ, ಕಲ್ಲನ್ನು ಜಲ್ಲಿಗೆ ಹಾಕದೆ ಹೊಸ ಮನೆಗೆ ಬಳಸಿ.