ಗಳಿಗೆಬಟ್ಟಲು ಮತ್ತು ಶಂಕು: ಕಾಲಬೋಧನೆಯ ದೃಷ್ಟಿಯಿಂದ ಒಂದು ಪರಿಶೀಲನೆ

ಮಕ್ಕಳಿಗೆ ಹೊತ್ತು ತಿಳಿಯುವುದನ್ನು ಕಲಿಸುವುದೆಂದರೆ ಗಡಿಯಾರದ ಮುಖವನ್ನು ಓದಿಸುವುದೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಚಿಕ್ಕ ಮುಳ್ಳು ಗಂಟೆಯನ್ನೂ ದೊಡ್ಡ ಮುಳ್ಳು ನಿಮಿಷವನ್ನೂ ತೋರಿಸುವುದೆಂದು ಬಾಯಿಪಾಠ ಮಾಡಿದ ಬಾಲಕನಿಗೆ, ಗಂಟೆಯನ್ನು ಮೊದಲು ಅಳೆದದ್ದು ಹೇಗೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಭಾರತೀಯ ಜ್ಯೋತಿಶ್ಶಾಸ್ತ್ರದ ಇತಿಹಾಸದಲ್ಲಿ ಇದಕ್ಕೆ ಭಿನ್ನವಾದ ಕ್ರಮವೊಂದು ಕಂಡುಬರುತ್ತದೆ. ಅಲ್ಲಿ ಅಳತೆ ಮೊದಲು, ಓದು ಅನಂತರ. ಆ ಕ್ರಮವು ಇಂದಿನ ಬೋಧಕರಿಗೆ ಹೇಗೆ ಉಪಯುಕ್ತವಾದೀತೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಹೋರಾತ್ರಕ್ಕೆ ೬೦ ಗಳಿಗೆ, ಗಳಿಗೆಗೆ ೬೦ ವಿಗಳಿಗೆ ಎಂಬುದು ನಮ್ಮ ಪ್ರಾಚೀನ ವಿಭಾಗ. ಇಂದಿನ ಲೆಕ್ಕದಲ್ಲಿ ಗಳಿಗೆಯೆಂದರೆ ೨೪ ನಿಮಿಷ, ವಿಗಳಿಗೆಯೆಂದರೆ ೨೪ ಸೆಕೆಂಡು. ಆರ್ಯಭಟನು ಇನ್ನೂ ಮುಂದೆ ಹೋಗಿ, ೬೦ ಗುರ್ವಕ್ಷರಗಳ ಉಚ್ಚಾರಣೆಯ ಕಾಲ ಅಥವಾ ಆರು ಪ್ರಾಣಗಳ, ಎಂದರೆ ಆರು ಉಸಿರುಗಳ, ಕಾಲ ಒಂದು ವಿಗಳಿಗೆಯೆಂದು ಹೇಳುತ್ತಾನೆ. ಹೀಗೆ ಕಾಲಮಾಪನದ ಮೊದಲ ಸಾಧನವು ಕಲಿಯುವವನ ನಾಲಗೆಯಲ್ಲಿಯೂ ಉಸಿರಿನಲ್ಲಿಯೂ ಇತ್ತೆಂಬುದು ಗಮನಾರ್ಹ.

ಎರಡನೆಯ ಸಾಧನ ಗಳಿಗೆಬಟ್ಟಲು. ತಳದಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನಿರ್ಮಲವಾದ ನೀರಿನ ಮೇಲಿಟ್ಟರೆ ಅದು ಮೆಲ್ಲನೆ ತುಂಬಿ ಮುಳುಗುತ್ತದೆ. ಅಹೋರಾತ್ರದಲ್ಲಿ ಅದು ಅರುವತ್ತು ಬಾರಿ ಮುಳುಗಬೇಕೆಂದು ಸೂರ್ಯಸಿದ್ಧಾಂತದ ವಿಧಿ. ಕೆಲವು ಗ್ರಂಥಕಾರರು ಬಟ್ಟಲಿನ ತೂಕವನ್ನೂ ಎತ್ತರ ಅಗಲಗಳನ್ನೂ ರಂಧ್ರ ಕೊರೆಯುವ ಚಿನ್ನದ ಸೂಜಿಯ ಪ್ರಮಾಣವನ್ನೂ ಗೊತ್ತುಪಡಿಸಿದರು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಇದನ್ನು ಒಪ್ಪಲಿಲ್ಲ. ಅಂಥ ನಿಯಮ ಯುಕ್ತಿಶೂನ್ಯ, ಹಾಗೆ ನಿರ್ಮಿಸುವುದೂ ಕಷ್ಟವೆಂಬುದು ಅವನ ಆಕ್ಷೇಪ. ಬಟ್ಟಲು ಹೇಗೇ ಇರಲಿ, ಅದು ಒಂದು ಅಹೋರಾತ್ರದಲ್ಲಿ ಎಷ್ಟು ಬಾರಿ ಮುಳುಗುವುದೆಂದು ಎಣಿಸಿ, ಅಹೋರಾತ್ರದ ಮಾನವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆ ಬಟ್ಟಲಿನ ಅಳತೆ ದೊರೆಯುವುದೆಂದು ಅವನು ತಿಳಿಸಿದನು. ಉದಾಹರಣೆಗೆ, ಬಟ್ಟಲು ೭೨ ಬಾರಿ ಮುಳುಗಿದರೆ, ೩೬೦೦ ವಿಗಳಿಗೆಗಳನ್ನು ೭೨ರಿಂದ ಭಾಗಿಸಲು ೫೦ ವಿಗಳಿಗೆ, ಎಂದರೆ ೨೦ ನಿಮಿಷ ಬರುತ್ತದೆ. ಪ್ರಮಾಣಗ್ರಂಥದ ಮಾತಿಗಿಂತ ಎಣಿಕೆ ಮತ್ತು ಭಾಗಾಕಾರಗಳಿಗೆ ಇಲ್ಲಿ ಹೆಚ್ಚಿನ ಮನ್ನಣೆ ದೊರೆತಿದೆ. ಅಹೋರಾತ್ರವಿಡೀ ಎಣಿಸುವುದು ಶಾಲೆಯಲ್ಲಿ ಅಸಾಧ್ಯವಾದರೂ, ರಂಧ್ರ ಕೊರೆದ ತೆಂಗಿನ ಚಿಪ್ಪು ಒಂದು ಗಂಟೆಯಲ್ಲಿ ಎಷ್ಟು ಬಾರಿ ಮುಳುಗುವುದೆಂದು ಎಣಿಸಿ ಅದೇ ಲೆಕ್ಕವನ್ನು ಮಕ್ಕಳಿಂದ ಮಾಡಿಸಬಹುದು.

ಲೀಲಾವತಿಯ ಮುತ್ತು ಬಟ್ಟಲಿಗೆ ಬಿದ್ದು ರಂಧ್ರ ಮುಚ್ಚಿ ಲಗ್ನದ ಮುಹೂರ್ತ ತಪ್ಪಿತೆಂಬ ಕಥೆ ಪ್ರಸಿದ್ಧವಾಗಿದೆ. ಅದು ಭಾಸ್ಕರನ ಗ್ರಂಥದಲ್ಲಿಲ್ಲ. ೧೫೮೭ರಲ್ಲಿ ಫೈಜಿಯು ಮಾಡಿದ ಪಾರಸಿ ಅನುವಾದದಲ್ಲಿ ಬರುತ್ತದೆ. ಐತಿಹ್ಯವೆಂದೇ ಅದನ್ನು ಪರಿಗಣಿಸಬೇಕು. ಆದರೂ ರಂಧ್ರದ ಗಾತ್ರವೇ ಕಾಲವನ್ನು ನಿರ್ಣಯಿಸುವುದೆಂಬ ಭೌತಿಕ ತತ್ತ್ವ ಅದರಲ್ಲಿ ಅಡಗಿದೆ.

ಮೂರನೆಯ ಸಾಧನ ಶಂಕು. ಸಮನೆಲದಲ್ಲಿ ನೆಟ್ಟ ಕಡ್ಡಿಯ ಸುತ್ತ ಹಗ್ಗದಿಂದ ವೃತ್ತವನ್ನೆಳೆದು, ಪೂರ್ವಾಹ್ಣದಲ್ಲಿಯೂ ಅಪರಾಹ್ಣದಲ್ಲಿಯೂ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುಗಳನ್ನು ಗುರುತಿಸಿ ದಿಕ್ಕನ್ನು ನಿರ್ಣಯಿಸುವ ಕ್ರಮವು ಕಾತ್ಯಾಯನ ಶುಲ್ಬಸೂತ್ರದಲ್ಲಿದೆ. ಆ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆ. ಅದಕ್ಕೆ ಲಂಬವಾಗಿ ಶಂಕುವಿನ ಮೂಲದಿಂದ ಎಳೆದದ್ದು ದಕ್ಷಿಣೋತ್ತರ ರೇಖೆ. ನೆರಳು ಈ ಎರಡನೆಯ ರೇಖೆಯ ಮೇಲೆ ಬಿದ್ದ ಕ್ಷಣವೇ ಆ ಊರಿನ ಮಧ್ಯಾಹ್ನ.

ಈ ಪ್ರಯೋಗವನ್ನು ಬೆಂಗಳೂರಿನಲ್ಲಿ ಮಾಡಿದ ವಿದ್ಯಾರ್ಥಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಶಂಕು ಮಧ್ಯಾಹ್ನವನ್ನು ತೋರಿಸುವಾಗ ಗಡಿಯಾರದಲ್ಲಿ ಹನ್ನೆರಡು ದಾಟಿರುತ್ತದೆ. ಇದರ ಕಾರಣ ಇತಿಹಾಸದಲ್ಲಿದೆ. ೧೯೦೬ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲವು ೮೨ ಅಂಶ ೩೦ ಕಲೆಯ ಪೂರ್ವರೇಖಾಂಶವನ್ನು ಅನುಸರಿಸುತ್ತದೆ. ಬೆಂಗಳೂರಿನ ರೇಖಾಂಶ ಸುಮಾರು ೭೭ ಅಂಶ ೩೫ ಕಲೆ. ಅಂಶಕ್ಕೆ ನಾಲ್ಕು ನಿಮಿಷದಂತೆ ಅಂತರ ಸುಮಾರು ೨೦ ನಿಮಿಷ. ಇದಲ್ಲದೆ ಭೂಕಕ್ಷೆಯ ದೀರ್ಘವೃತ್ತಾಕಾರ ಮತ್ತು ಭೂಮಿಯ ಅಕ್ಷದ ಓರೆಯಿಂದಾಗಿ ಈ ಅಂತರವು ಋತುವಿನೊಡನೆ ವ್ಯತ್ಯಾಸ ಹೊಂದುತ್ತದೆ. ನವೆಂಬರ್ ಆರಂಭದಲ್ಲಿ ಬೆಂಗಳೂರಿನ ಮಧ್ಯಾಹ್ನ ಸುಮಾರು ೧೨ ಗಂಟೆ ೩ ನಿಮಿಷಕ್ಕೆ. ಫೆಬ್ರವರಿ ನಡುವೆ ಸುಮಾರು ೧೨ ಗಂಟೆ ೩೪ ನಿಮಿಷಕ್ಕೆ. ಗಡಿಯಾರವು ಸೂರ್ಯನ ಪ್ರತಿಬಿಂಬವಲ್ಲ, ರೈಲು ತಂತಿಗಳ ಯುಗದಲ್ಲಿ ಸಮಾಜವು ಮಾಡಿಕೊಂಡ ಒಡಂಬಡಿಕೆ ಎಂಬ ಅರಿವು ಒಂದು ಕಡ್ಡಿಯ ನೆರಳಿನಿಂದ ಉಂಟಾಗುತ್ತದೆ.

ಈ ಗ್ರಂಥಗಳು ಬಾಲಬೋಧೆಗಾಗಿ ಹುಟ್ಟಿದವಲ್ಲ. ಹಳೆಯ ಯಂತ್ರಗಳನ್ನು ಪುನಃ ಬಳಕೆಗೆ ತರಬೇಕೆಂಬುದೂ ನಮ್ಮ ವಾದವಲ್ಲ. ಗಡಿಯಾರದ ನಿಖರತೆ ಅವಕ್ಕಿಲ್ಲ. ಆದರೆ ತಾನೇ ಅಳೆಯದ ಮಾನವನ್ನು ವಿದ್ಯಾರ್ಥಿಯು ಆಪ್ತವಾಕ್ಯವೆಂದು ಸ್ವೀಕರಿಸುತ್ತಾನೆ. ಅಳೆದವನು ಅದನ್ನು ಪರೀಕ್ಷಿಸಬಲ್ಲನು. ಎಂಟು ಶತಮಾನಗಳಿಗೂ ಹಿಂದೆ ಭಾಸ್ಕರನು ಪೂರ್ವಾಚಾರ್ಯರ ಬಟ್ಟಲನ್ನು ಪರೀಕ್ಷೆಗೆ ಒಳಪಡಿಸಿದ್ದು ಈ ಅಧಿಕಾರದಿಂದಲೇ. ಇತಿಹಾಸ, ಗಣಿತ, ವಿಜ್ಞಾನಗಳನ್ನು ಬೋಧಿಸುವವರು ಒಂದು ಚಿಪ್ಪನ್ನೂ ಒಂದು ಕಡ್ಡಿಯನ್ನೂ ಮುಂದಿಟ್ಟುಕೊಂಡು ಒಟ್ಟಿಗೆ ಪಾಠ ಹೇಳಿದರೆ, ಆ ಅಧಿಕಾರವು ನಮ್ಮ ಮಕ್ಕಳಿಗೂ ಲಭಿಸುವುದು.