ಲೆಂತ್ ಪ್ರಾಪರ್ಟಿ ಮತ್ತು ಕನ್ನಡ ಪಠ್ಯ

ಜಾವಾಸ್ಕ್ರಿಪ್ಟ್ ಭಾಷೆಯ ಪ್ರತಿ ಸ್ಟ್ರಿಂಗ್‌ಗೂ ಪ್ರತಿ ಅರೇಗೂ ಹುಟ್ಟಿನಿಂದಲೇ ಇರುವ ಪ್ರಾಪರ್ಟಿ ಲೆಂತ್. ಸ್ಟ್ರಿಂಗ್‌ನಲ್ಲಿ ಅದು ಎಣಿಸುವುದು ಯುಟಿಎಫ್-16 ಪದ್ಧತಿಯ 16 ಬಿಟ್ ಘಟಕಗಳನ್ನು, ಓದುಗರ ಕಣ್ಣಿಗೆ ಬೀಳುವ ಅಕ್ಷರಗಳನ್ನಲ್ಲ. ಇಂಗ್ಲಿಷಿನಲ್ಲಿ ಎರಡೂ ಲೆಕ್ಕ ಸಾಮಾನ್ಯವಾಗಿ ಒಂದೇ ಆಗುವುದರಿಂದ ವ್ಯತ್ಯಾಸ ಮರೆಯಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಮೊದಲ ಹೆಸರಿಗೇ ಹೊರಬೀಳುತ್ತದೆ.

ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿ ಗ್ರಾಮದ ಹೆಸರನ್ನೇ ನೋಡಬಹುದು. ತು, ಕ್ಕಾ, ನ, ಟ್ಟಿ ಎಂದು ಓದುವವರಿಗೆ ಅದರಲ್ಲಿ 4 ಅಕ್ಷರ. ಬ್ರೌಸರಿನ ಕನ್ಸೋಲ್‌ನಲ್ಲಿ ಲೆಂತ್ ಕೇಳಿದರೆ ಬರುವ ಉತ್ತರ 11. ಅದೇ ಹೆಸರು ಯುಟಿಎಫ್-8 ರೂಪದಲ್ಲಿ ಸರ್ವರ್ ಸೇರಿದಾಗ 33 ಬೈಟ್ ಆಗುತ್ತದೆ, ಏಕೆಂದರೆ ಅಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಮೂರೂ ಲೆಕ್ಕಗಳು ಸರಿ. ಯಾವ ಲೆಕ್ಕ ಎಲ್ಲಿ ಬೇಕೆಂದು ಗೊತ್ತುಮಾಡದೆ ಬರೆದ ಕೋಡ್‌ನಲ್ಲಿ ದೋಷವಿರುತ್ತದೆ.

ಹಿನ್ನೆಲೆ

ಕನ್ನಡ ಲಿಪಿ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆಯಿತು. ದಶಮಾನದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ಅದಕ್ಕೆ ಮೀಸಲು. ವ್ಯಂಜನಕ್ಕೆ ಒಂದು ಸಂಖ್ಯೆ, ಸ್ವರಚಿಹ್ನೆಗೆ ಇನ್ನೊಂದು, ಒತ್ತಕ್ಷರ ಮೂಡಿಸುವ ಹಲಂತಕ್ಕೆ ಮತ್ತೊಂದು. ಹಾಗಾಗಿ 'ಕ್ಕಾ' ಎಂಬುದು ಯಂತ್ರಕ್ಕೆ ಕ, ಹಲಂತ, ಕ, ದೀರ್ಘ ಎಂಬ ನಾಲ್ಕು ಘಟಕಗಳು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್, 1997ರಲ್ಲಿ ಎಕ್ಮಾ-262 ಎಂಬ ಮಾನಕವಾಯಿತು. ಲೆಂತ್‌ನ ಈ 16 ಬಿಟ್ ಲೆಕ್ಕವನ್ನು ಈಗ ಬದಲಿಸಿದರೆ ಅದನ್ನು ನಂಬಿರುವ ಅಸಂಖ್ಯ ಪುಟಗಳು ಕೆಡುತ್ತವೆ.

ಕಾಣಿಸಿಕೊಳ್ಳುವ ಬಗೆಗಳು

ಅರ್ಜಿ ನಮೂನೆಯ ಮ್ಯಾಕ್ಸ್‌ಲೆಂತ್ ಮಿತಿಯೂ ಇದೇ ಘಟಕಗಳನ್ನು ಎಣಿಸುತ್ತದೆ. ಮಿತಿ 10 ಇದ್ದರೆ ಊರಿನ ಹೆಸರು 'ತುಕ್ಕಾನಟ್ಟ' ಎಂದು ನಿಲ್ಲುತ್ತದೆ, ಗುಡಿಸಿಗೆ ಜಾಗ ಸಿಗುವುದಿಲ್ಲ. ಮೊದಲ ನಾಲ್ಕು ಅಕ್ಷರ ಬೇಕೆಂದು ಸ್ಲೈಸ್ ಬಳಸಿದವರಿಗೆ 'ತುಕ್' ಮಾತ್ರ ದಕ್ಕುತ್ತದೆ.

ಹೆಸರು ಪರೀಕ್ಷಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ತೊಂದರೆ ಇನ್ನೂ ಆಳ. 2018ರ ಮಾನಕದಿಂದ ಯೂನಿಕೋಡ್ ವರ್ಗಗಳನ್ನು ನೇರವಾಗಿ ಹೆಸರಿಸಬಹುದು. ಆದರೆ 'ಅಕ್ಷರ' ವರ್ಗವನ್ನಷ್ಟೇ ಒಪ್ಪುವ ಪರೀಕ್ಷೆ ತುಕ್ಕಾನಟ್ಟಿಯನ್ನು ತಿರಸ್ಕರಿಸುತ್ತದೆ: ಅದರ 11 ಘಟಕಗಳಲ್ಲಿ 6 ಮಾತ್ರ ಅಕ್ಷರ ವರ್ಗದವು, ಉಳಿದ 5 'ಚಿಹ್ನೆ' ವರ್ಗದವು. ತಮ್ಮ ಊರಿನ ಹೆಸರನ್ನು ಸರಿಯಾಗಿಯೇ ಬರೆದವರಿಗೆ ಪರದೆಯ ಮೇಲೆ 'ತಪ್ಪು' ಎಂಬ ಉತ್ತರ ಬರುವುದು ಅನ್ಯಾಯ. ಎರಡೂ ವರ್ಗಗಳನ್ನು ಸೇರಿಸಿದರೆ ಅದು ನಿವಾರಣೆಯಾಗುತ್ತದೆ.

ಕಣ್ಣಿಗೆ ಒಂದೇ ಆಗಿರುವ ಎರಡು 'ಗೋಕಾಕ'ಗಳು ಸಮವಲ್ಲವೆಂದು ಯಂತ್ರ ಹೇಳುವುದೂ ಉಂಟು. 'ಗೋ'ದ ಸ್ವರಚಿಹ್ನೆಯನ್ನು 3275 ಎಂಬ ಒಂದೇ ಸಂಖ್ಯೆಯಾಗಿ ಇಡಬಹುದು, ಇಲ್ಲವೇ 3270, 3266, 3285 ಎಂದು ಮೂರಾಗಿ ಬಿಡಿಸಿಡಬಹುದು. ಮೊದಲನೆಯದರ ಲೆಂತ್ 5, ಎರಡನೆಯದರದು 7. ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. 2015ರಲ್ಲಿ ಬಂದ ನಾರ್ಮಲೈಜ್ ವಿಧಾನವನ್ನು ಹೋಲಿಕೆಗೆ ಮುನ್ನ ಎರಡೂ ಕಡೆ ಪ್ರಯೋಗಿಸಿದರೆ ಎರಡೂ 5 ಆಗಿ ಸಮವಾಗುತ್ತವೆ.

ವಿಂಡೋದ ನೇಮ್ ಪ್ರಾಪರ್ಟಿ

ಇನ್ನೊಂದು ಗೊಂದಲ ಲಿಪಿಯಿಂದ ಬಂದದ್ದಲ್ಲ. ಸ್ಕ್ರಿಪ್ಟಿನ ಹೊರಪದರದಲ್ಲಿ ವಾರ್ ಬಳಸಿ ನೇಮ್ ಎಂಬ ಅರೇ ಮಾಡಿ, ಅದಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲ್ಲೂಕುಗಳನ್ನು ಹಾಕಿದರೆ ಲೆಂತ್ 3 ಬರಬೇಕು. ಬರುವುದು 21. ಬ್ರೌಸರಿನ ವಿಂಡೋಗೆ ನೇಮ್ ಎಂಬ ಸ್ವಂತ ಪ್ರಾಪರ್ಟಿ ಮೊದಲೇ ಇದೆ, ಅದು ಕೊಟ್ಟದ್ದನ್ನೆಲ್ಲ ಸ್ಟ್ರಿಂಗ್ ಮಾಡಿ ಇಟ್ಟುಕೊಳ್ಳುತ್ತದೆ. ಮೂರು ಹೆಸರುಗಳ 5, 6, 8 ಘಟಕಗಳಿಗೆ ನಡುವಿನ ಎರಡು ಅಲ್ಪವಿರಾಮ ಸೇರಿ ಈ 21. ವಾರ್ ಬದಲು ಲೆಟ್ ಬಳಸಿದರೆ, ಅಥವಾ ಕೋಡನ್ನು ಮಾಡ್ಯೂಲ್ ಆಗಿಸಿದರೆ, ಉತ್ತರ 3.

ಪತ್ತೆ ಮತ್ತು ಪರಿಹಾರ

ಮೊದಲು ಟೈಪ್‌ಆಫ್‌ನಿಂದ ಮೌಲ್ಯದ ಬಗೆಯನ್ನು ಖಚಿತಪಡಿಸಿಕೊಳ್ಳಬೇಕು. ಮೇಲಿನ ನೇಮ್ ಗೊಂದಲ ಅಲ್ಲೇ ಬಯಲಾಗುತ್ತದೆ. ಸ್ಟ್ರಿಂಗ್ ಆಗಿದ್ದರೆ ಅರೇ ಫ್ರಮ್ ಮೂಲಕ ಬಿಡಿಸಿ ಪ್ರತಿ ಘಟಕದ ಸಂಖ್ಯೆಯನ್ನು ಮುದ್ರಿಸಬೇಕು. ತುಕ್ಕಾನಟ್ಟಿ 3236, 3265, 3221, 3277 ಎಂದು ಶುರುವಾಗುತ್ತದೆ. ನಡುವೆ ಅಥವಾ ಕೊನೆಯಲ್ಲಿ 8204 ಕಂಡರೆ ಅದು ಒತ್ತಕ್ಷರ ತಡೆಯಲು ಬಳಸುವ ಅದೃಶ್ಯ ಸಂಕೇತ. ಟ್ರಿಮ್ ವಿಧಾನ ಅದನ್ನು ಖಾಲಿ ಜಾಗವೆಂದು ಪರಿಗಣಿಸದ ಕಾರಣ ತೆಗೆಯುವುದಿಲ್ಲ. 'ಸಾಫ್ಟ್‌ವೇರ್'ನಂಥ ಪದಗಳ ನಡುವೆ ಅದು ಬೇಕೇ ಬೇಕು. ಆದ್ದರಿಂದ ಪದದ ಕೊನೆಯಲ್ಲಿರುವುದನ್ನಷ್ಟೇ ತೆಗೆಯುವುದು ಕ್ಷೇಮ.

ಅಕ್ಷರ ಎಣಿಸಲು ಇಂಟ್ಲ್ ಸೆಗ್ಮೆಂಟರ್ ಇದೆ. 2024ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್ 125ಕ್ಕೂ ಬಂದ ಮೇಲೆ ಅದು ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ದೊರೆಯುತ್ತಿದೆ. ಆದರೂ ಅದು ತುಕ್ಕಾನಟ್ಟಿಯನ್ನು ತು, ಕ್, ಕಾ, ನ, ಟ್, ಟಿ ಎಂದು 6 ತುಂಡು ಮಾಡಬಲ್ಲದು. 2023ರ ಯೂನಿಕೋಡ್ 15.1 ಆವೃತ್ತಿ ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಆರು ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ನಿಯಮ ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಕನ್ನಡದ ಕೋಡ್ ಬರೆಯುವವರು ಒಂದು ಹೆಜ್ಜೆ ಹೆಚ್ಚಿಗೆ ಹಾಕಬೇಕು: ಹಲಂತದಲ್ಲಿ ಮುಗಿಯುವ ತುಂಡಿನ ಬೆನ್ನಿಗೇ ವ್ಯಂಜನ ಬಂದರೆ ಎರಡನ್ನೂ ಕೂಡಿಸಬೇಕು. ಆಗ 6 ತುಂಡು 4 ಅಕ್ಷರವಾಗುತ್ತವೆ. 'ಗೋಕಾಕ್ ಜಲಪಾತ' ಎಂಬಲ್ಲಿ ಹಲಂತದ ನಂತರ ಖಾಲಿ ಜಾಗ ಇರುವುದರಿಂದ ಅದು ಹಾಗೆಯೇ ಉಳಿಯುತ್ತದೆ.