ಅಜ್ಜಿಯ ಮಾಂದಾ

ಮೆಕ್ಸಿಕೋದ ಸ್ಪ್ಯಾನಿಷ್ ನುಡಿಯಲ್ಲಿ 'ಮಾಂದಾ' ಎಂದರೆ ಹರಕೆ. ಮಗುವಿನ ಜ್ವರ ಇಳಿದರೆ, ಗಡಿ ದಾಟಲು ಹೊರಟ ಮಗ ಜೀವಸಹಿತ ಮುಟ್ಟಿದ ಸುದ್ದಿ ಬಂದರೆ, ದೇವಮಾತೆಯ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಬರುವುದಾಗಿ, ಅಂಗಳದಿಂದ ಪೀಠದವರೆಗೆ ಮೊಣಕಾಲೂರಿ ಸಾಗುವುದಾಗಿ, ಇಲ್ಲವೇ ಬೆಳೆಸಿದ ಜಡೆಯನ್ನು ಕತ್ತರಿಸಿ ಒಪ್ಪಿಸುವುದಾಗಿ ಕೊಡುವ ಮಾತು ಅದು. ಈ ಪದವನ್ನು ದಿನಬಳಕೆಯಲ್ಲಿ ಜೀವಂತವಾಗಿಟ್ಟವರು ಮುಖ್ಯವಾಗಿ ತಾಯಂದಿರು ಮತ್ತು ಅಜ್ಜಿಯರು. ಹಾಲಿಸ್ಕೋ, ಸಕಾತೇಕಾಸ್, ಗ್ವಾನಾಹ್ವಾತೋ ರಾಜ್ಯಗಳ ಹಳ್ಳಿಗಳಿಂದ ಅಮೆರಿಕಕ್ಕೆ ವಲಸೆ ಹೋದ ಹೆಂಗಸರ ಸಂಗಡ ಅದೂ ಗಡಿ ದಾಟಿತು, ಮತ್ತು ದಾಟಿದ ಮೇಲೆ ಮೊದಲಿನಂತೆ ಉಳಿಯಲಿಲ್ಲ.

ಪದದ ಮೂಲ 'ಮಾಂದಾರ್' ಎಂಬ ಕ್ರಿಯಾಪದ. ಲ್ಯಾಟಿನ್ನಿನಲ್ಲಿ ಕೈ ಎಂಬ ಅರ್ಥದ ಮಾತೂ ಕೊಡು ಎಂಬ ಅರ್ಥದ ಮಾತೂ ಕೂಡಿ ಹುಟ್ಟಿದ ಈ ಧಾತುವಿಗೆ ಮೊದಲಿಗೆ 'ಕೈಗೊಪ್ಪಿಸು' ಎಂಬ ಭಾವವಿದ್ದು, ಸ್ಪ್ಯಾನಿಷ್‌ಗೆ ಬರುವಷ್ಟರಲ್ಲಿ ಅದು 'ಅಪ್ಪಣೆ ಮಾಡು' ಎಂದೂ 'ಕಳುಹಿಸು' ಎಂದೂ ಎರಡು ಕವಲಾಯಿತು. ಕನ್ನಡದ 'ಹರಕೆ' ಹರಸುವುದರ ನಂಟಿನ ಪದವಾದುದರಿಂದ ಅದರಲ್ಲಿ ಆಶೀರ್ವಾದದ ಅರ್ಥವೂ ಬೆರೆತಿದೆ. ಮಾಂದಾದಲ್ಲಿ ಆ ಮೃದುತ್ವವಿಲ್ಲ, ಅಲ್ಲಿರುವುದು ಅಪ್ಪಣೆಯ ಬಿಗಿ. ಬೇಡಿದ್ದು ಕೈಗೂಡಿದ ಮೇಲೆ ಹರಕೆ ಹೊತ್ತವಳು ತನ್ನ ಮೇಲೆ ತಾನೇ ಅಪ್ಪಣೆ ಹೊರಿಸಿಕೊಂಡಿರುತ್ತಾಳೆ, ಅದರಿಂದ ನುಣುಚಿಕೊಳ್ಳುವ ದಾರಿ ಇರುವುದಿಲ್ಲ.

ಇದೇ ಧಾತುವಿನ ಮಕ್ಕಳು ಅಂಥ ಹೆಂಗಸಿನ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿರುತ್ತವೆ. ದೊಡ್ಡವರು ಕೂಗಿದಾಗ ಮಗು 'ಕೇ' ಎಂದು, ಅಂದರೆ 'ಏನು' ಎಂದು, ಓಗೊಡುವುದು ಮೆಕ್ಸಿಕೋದ ಬಹಳಷ್ಟು ಮನೆಗಳಲ್ಲಿ ಒರಟುತನ. 'ಮಾಂದೆ' ಎನ್ನಬೇಕೆಂದು ತಾಯಿ ತಿದ್ದುತ್ತಾಳೆ. 'ಅಪ್ಪಣೆಯಾಗಲಿ' ಎಂಬುದು ಅದರ ಅಕ್ಷರಾರ್ಥ. ವಸಾಹತುಕಾಲದ ದಾಸ್ಯದಿಂದ ಉಳಿದುಬಂದ ಪದ ಅದೆಂದು ಆಕ್ಷೇಪಿಸುವವರು ಮೆಕ್ಸಿಕೋದಲ್ಲೇ ಇದ್ದಾರೆ. ಆದರೆ ಅಜ್ಜಿಯ ಕರೆಗೆ ಮೊಮ್ಮಗಳು ಆಡುವ ಆ ಮಾತಿನಲ್ಲಿ ಕೇಳಿಬರುವುದು ದಾಸ್ಯವಲ್ಲ, ಹಿರಿಯರ ಮುಂದೆ ದನಿ ತಗ್ಗಿಸುವ ಮನೆತನದ ನಡತೆ. ಸಂತೆಯಿಂದ ತರುವ ತರಕಾರಿ, ಮೆಕ್ಕೆಜೋಳದ ಹಿಟ್ಟು, ಮೆಣಸಿನಕಾಯಿಗಳಿಗೆ ಒಟ್ಟಾಗಿ 'ಮಾಂದಾದೋ' ಎಂದು ಹೆಸರು. ಅದನ್ನು ಹೊತ್ತು ತರಲು ಕನ್ನಡನಾಡಿನ ವೈರ್ ಬುಟ್ಟಿಯ ಅಕ್ಕತಂಗಿಯಂತಿರುವ, ಬಣ್ಣದ ಚೌಕಳಿಯ ಪ್ಲಾಸ್ಟಿಕ್ ನೇಯ್ಗೆಯ ಚೀಲವಿರುತ್ತದೆ. ಅಚ್ಚುಕಟ್ಟಾಗಿ ಮಾಡಿದ ಕೆಲಸಕ್ಕೆ 'ದೇವರು ಅಪ್ಪಣೆ ಮಾಡಿದ ಹಾಗೆ' ಎಂಬರ್ಥದ ಮೆಚ್ಚುಮಾತಿಗೂ, ಎಲ್ಲರ ಮೇಲೂ ಅಧಿಕಾರ ನಡೆಸುವ ಹೆಂಗಸನ್ನು ಕರೆಯುವ 'ಮಾಂದೋನಾ' ಎಂಬ ಪದಕ್ಕೂ ಇದೇ ಬೇರು.

ವಲಸಿಗರ ಬಾಯಲ್ಲಿ ಈ ಕ್ರಿಯಾಪದಕ್ಕೆ ಎಲ್ಲಕ್ಕಿಂತ ಹೆಚ್ಚು ಸವೆತ ತಂದದ್ದು ಹಣ. 1942ರಿಂದ 1964ರವರೆಗೆ ನಡೆದ, 'ಬ್ರಾಸೇರೋ' ಎಂದು ಹೆಸರಾದ ಒಪ್ಪಂದದ ಪ್ರಕಾರ ಅಮೆರಿಕದ ಹೊಲಗಳಿಗೆ ಗಂಡಸರು ಮಾತ್ರ ಕೂಲಿಗೆ ಹೋಗುತ್ತಿದ್ದರು. ಹಣ ಕಳುಹಿಸುವವನು ಆ ಕಡೆ, ಕಾಯುವವಳು ಈ ಕಡೆ. ಮುಂದೆ ಹೆಂಗಸರೂ ಹೋಗಿ, ಪರರ ಮನೆಗಳ ನೆಲ ಒರೆಸಿ, ಹೋಟೆಲುಗಳ ಹಾಸಿಗೆ ಮಡಿಚಿ, ಊರಿನಲ್ಲಿ ಬಿಟ್ಟುಬಂದ ತಾಯಿಗೂ ಮಕ್ಕಳಿಗೂ ತಾವೇ ಕಳುಹಿಸತೊಡಗಿದರು. 2023ರಲ್ಲಿ ಮೆಕ್ಸಿಕೋಗೆ ಹೊರದೇಶಗಳಿಂದ ಹೀಗೆ ಬಂದ ಹಣ 6,300 ಕೋಟಿ ಡಾಲರ್ ದಾಟಿತ್ತು. ಕಳುಹಿಸುವುದಕ್ಕೂ ಹರಕೆಗೂ ಒಂದೇ ಧಾತುವಾದದ್ದು ನುಡಿಯ ಆಕಸ್ಮಿಕವಿರಬಹುದು. ಆದರೂ ಸಂಬಳದ ಒಂದು ಪಾಲನ್ನು ಊರಿಗೂ, ಉಳಿಸಿದ ಚಿಲ್ಲರೆಯನ್ನು ಹರಕೆಯ ಪ್ರಯಾಣಕ್ಕೂ ಬೇರೆಬೇರೆ ಡಬ್ಬಿಗಳಲ್ಲಿ ಎತ್ತಿಡುವ ಹೆಂಗಸಿನ ಮಟ್ಟಿಗೆ ಆ ಎರಡೂ ಒಂದೇ ಬಗೆಯ ಸಾಲ.

ಮಾಂದಾದ ತೊಡಕು ಇರುವುದು ಸ್ಥಳದಲ್ಲಿ. ಹಾಲಿಸ್ಕೋದ ಸಾನ್ ಹ್ವಾನ್ ದೆ ಲೋಸ್ ಲಾಗೋಸ್ ಪಟ್ಟಣದಲ್ಲಿ, ಮೆಕ್ಕೆಜೋಳದ ದಂಟಿನ ತಿರುಳನ್ನು ಅರೆದು ಮಾಡಿದ ಪುಟ್ಟ ಮಾತೆಯ ವಿಗ್ರಹವಿದೆ. 1623ರಲ್ಲಿ ಸತ್ತ ಹುಡುಗಿಯೊಬ್ಬಳನ್ನು ಆಕೆ ಬದುಕಿಸಿದಳೆಂಬ ನಂಬಿಕೆಯಿಂದ ಅಲ್ಲಿಗೆ ಜನ ನಡೆದುಹೋಗುತ್ತ ಬಂದಿದ್ದಾರೆ. ಆಕೆಗೆ ಹೊತ್ತ ಹರಕೆಯನ್ನು ಆಕೆಯ ಎದುರಿಗೇ ತೀರಿಸಬೇಕು. ಅಮೆರಿಕದ 1986ರ ಕಾಯಿದೆಯಿಂದ ಸುಮಾರು 27 ಲಕ್ಷ ಮಂದಿಗೆ, ಅವರಲ್ಲಿ ಬಹುಪಾಲು ಮೆಕ್ಸಿಕೋದವರಿಗೆ, ಕಾನೂನಿನ ನೆಲೆ ದೊರೆತಾಗ ಊರಿಗೆ ಹೋಗಿಬರುವ ದಾರಿ ತೆರೆಯಿತು. ಆದರೆ 1990ರ ದಶಕದಲ್ಲಿ ಗಡಿಯ ಕಾವಲು ಬಿಗಿಯಾದ ಮೇಲೆ, ಕಾಗದಪತ್ರವಿಲ್ಲದವಳು ಒಮ್ಮೆ ಹೋದರೆ ಮರಳುವ ಭರವಸೆಯಿಲ್ಲದಾಯಿತು. ಮಗನನ್ನು ಸುರಕ್ಷಿತವಾಗಿ ದಾಟಿಸಿದ್ದಕ್ಕೆ ಹೊತ್ತ ಹರಕೆಯನ್ನು ತೀರಿಸಲು ಅದೇ ಗಡಿ ಅಡ್ಡ ನಿಂತಿತು. ವಲಸೆಯ ಬಗೆಗಿನ ಚರ್ಚೆಗಳಲ್ಲಿ ಕೂಲಿ, ತೆರಿಗೆ, ಕಾನೂನುಗಳ ಮಾತು ಬರುತ್ತದೆ, ತೀರಿಸಲಾಗದ ಹರಕೆಯ ಸಂಕಟ ಬರುವುದೇ ಇಲ್ಲ. ಅದು ಸಣ್ಣ ಸಂಕಟವಲ್ಲ.

ದೂರದ ತೊಡಕಿಗೆ ಭಕ್ತರು ಅದಕ್ಕೂ ಬಹಳ ಮೊದಲೇ ಒಂದು ದಾರಿ ಕಂಡುಕೊಂಡಿದ್ದರು. ಟೆಕ್ಸಾಸ್ ರಾಜ್ಯದ ದಕ್ಷಿಣದ ತುದಿಯಲ್ಲಿರುವ, ಅದೂ ಸಾನ್ ಹ್ವಾನ್ ಎಂದೇ ಹೆಸರಿನ ಊರಿನಲ್ಲಿ ಅದೇ ಮಾತೆಯ ಪ್ರತಿರೂಪವನ್ನು ನಿಲ್ಲಿಸಿದ್ದರು. 1970ರಲ್ಲಿ ಒಂದು ಸಣ್ಣ ವಿಮಾನ ಅಲ್ಲಿನ ಗುಡಿಗೆ ಅಪ್ಪಳಿಸಿ ಕಟ್ಟಡ ಸುಟ್ಟರೂ ವಿಗ್ರಹ ಉಳಿಯಿತು, 1980ರಲ್ಲಿ ಹೊಸ ಗುಡಿ ಎದ್ದಿತು. ಶಿಕಾಗೋ ಬಳಿಯ ಡೆಸ್ ಪ್ಲೇನ್ಸ್ ಊರಿನ ಗ್ವಾದಲೂಪೆ ಮಾತೆಯ ಸನ್ನಿಧಿಗೆ ಡಿಸೆಂಬರ್ 12ರ ಹಬ್ಬದಂದು ಕೊರೆಯುವ ಚಳಿಯಲ್ಲೂ ಜನ ನಡೆದುಬರುತ್ತಾರೆ. ಕ್ಯಾಥೊಲಿಕ್ ಚರ್ಚಿನ ಕಾನೂನೂ ಉದಾರವಾಗಿದೆ: 1983ರ ಸಂಹಿತೆಯ ಪ್ರಕಾರ ಹರಕೆ ಹೊತ್ತವರೇ ಅದನ್ನು ಸಮನಾದ ಅಥವಾ ಮಿಗಿಲಾದ ಇನ್ನೊಂದು ಸತ್ಕಾರ್ಯಕ್ಕೆ ಬದಲಿಸಿಕೊಳ್ಳಬಹುದು, ಮತ್ತು ಹರಕೆ ಹೊತ್ತವರನ್ನಷ್ಟೇ ಕಟ್ಟಿಹಾಕುತ್ತದೆ. ಅಜ್ಜಿಯ ಧರ್ಮಶಾಸ್ತ್ರ ಇಷ್ಟು ಸಡಿಲವಲ್ಲ. ಮಗನ ಪರವಾಗಿ ತಾನು ಹೊತ್ತದ್ದನ್ನು ಮಗನೂ ಬಂದು ತೀರಿಸಬೇಕು. ಕೊಟ್ಟ ಮಾತು ಆ ಊರಿನ ಮಾತೆಗೆ, ಬೇರೆಡೆಗೆ ಹೋದರೆ ಆಕೆಗೆ ಮುಟ್ಟಿತೋ ಇಲ್ಲವೋ ಎಂಬ ಅಳುಕು ಉಳಿದೇ ಇರುತ್ತದೆ.

ತೀರಿದ ಮಾಂದಾಕ್ಕೆ ಸಾಕ್ಷಿಯಾಗಿ ಗುಡಿಯಲ್ಲಿ ತೂಗುಹಾಕುವ ತಗಡಿನ ಚಿತ್ರವನ್ನು 'ರೆತಾಬ್ಲೋ' ಎನ್ನುತ್ತಾರೆ. ಅಂಗೈಗಿಂತ ಕೊಂಚ ದೊಡ್ಡದಾದ ತಗಡಿನ ಮೇಲ್ಮೂಲೆಯಲ್ಲಿ ಮೋಡದ ನಡುವೆ ಮಾತೆ. ನಡುವೆ ನದಿಯೋ ಮರುಭೂಮಿಯೋ ಆಸ್ಪತ್ರೆಯ ಮಂಚವೋ. ಮಂಚದ ಪಕ್ಕ ಕೈಮುಗಿದು ಮಂಡಿಯೂರಿದ ಹೆಂಗಸು. ಕೆಳಗೆ, ಹಲವು ಸಲ ಕಾಗುಣಿತ ತಪ್ಪಿದ ಕೈಬರಹದಲ್ಲಿ ಹೆಸರು, ಊರು, ತಾರೀಖು, ಕೃತಜ್ಞತೆ. ಹೋರ್ಹೆ ದುರಾಂದ್ ಮತ್ತು ಡಗ್ಲಸ್ ಮ್ಯಾಸಿ ಎಂಬ ವಿದ್ವಾಂಸರು ವಲಸಿಗರ ಇಂಥ ತಗಡುಗಳನ್ನು ಕಲೆಹಾಕಿ ಬರೆದ ಗ್ರಂಥ 1995ರಲ್ಲಿ ಪ್ರಕಟವಾಯಿತು. ಸರಕಾರಿ ಕಡತಗಳು ಎಣಿಕೆಯಾಗಿ ಮಾತ್ರ ಕಂಡ ಪ್ರಯಾಣಗಳನ್ನು ಆ ತಗಡುಗಳು ಭಯದ ಸಮೇತ ದಾಖಲಿಸಿವೆ.

ಹರಕೆ ತೀರಿಸದೆ ಸತ್ತವರ ಆತ್ಮ ನೆಮ್ಮದಿ ಕಾಣದೆ ಅಲೆಯುತ್ತದೆಂಬ ನಂಬಿಕೆ ಮೆಕ್ಸಿಕೋದ ಹಳ್ಳಿಗಳಲ್ಲಿ ಹಳೆಯದು. ಹಾಗಾಗಿ ಮಾಂದಾ ಆಸ್ತಿಯಂತೆ ಮುಂದಿನವರಿಗೆ ಇಳಿಯುತ್ತದೆ. ಚರ್ಚಿನ ಕಾನೂನು ಹೊರಿಸದ ಈ ಹೊಣೆಯನ್ನು ಅಮೆರಿಕದಲ್ಲಿ ಹುಟ್ಟಿ, ಆ ದೇಶದ ಪಾಸ್‌ಪೋರ್ಟ್ ಹಿಡಿದು ಗಡಿಯನ್ನು ಸಲೀಸಾಗಿ ದಾಟಬಲ್ಲ ಮೊಮ್ಮಗಳು ಹೊರುತ್ತಾಳೆ: ಸ್ಪ್ಯಾನಿಷ್ ಅಷ್ಟಾಗಿ ಬಾರದಿದ್ದರೂ 'ಮಾಂದೆ' ಎನ್ನಲು ಮರೆಯದವಳು, ಅಜ್ಜಿ ಕಾಲಿಡಲಾಗದ ಅಂಗಳದ ಕಲ್ಲುಹಾಸಿನ ಮೇಲೆ ಅಜ್ಜಿಯ ಹೆಸರಿನಲ್ಲಿ ಮೊಣಕಾಲೂರುತ್ತಾಳೆ.